ಕೊನೆಯ ಬಸ್ಸಿಗಾಗಿ ಓಡಿಸಿದ ಸಿನಿಮಾ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟೋ ಸಲ. ಮೊದಲು ಮಾವ ಬದುಕಿದ್ದಾರೆ ಎಂಬ ನೆಪ, ಆಮೇಲೆ ಮಾವ ಹೋದರಲ್ಲ ಎಂಬ ನೆಪ. ಈಗ ನೆಪಗಳೂ ಮುಗಿದಿವೆ.

ಎಪ್ಪತ್ತರ ದಶಕದಲ್ಲಿ ಮದ್ದೂರಿನ ಹೊರಗೆ, ಶಿಂಷಾ ಹೊಳೆಯ ಕಡೆಗೆ, ಒಂದು ಟೆಂಟ್ ಸಿನಿಮಾ ಇತ್ತು. ಮಾವ, ಅಂದರೆ ನನ್ನ ತಾಯಿಯ ತಮ್ಮ, ಅಲ್ಲಿ ಆಪರೇಟರ್. ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನಗೆ ಅವರೇ ಕೆಲಸ ಕಲಿಸಿದರು, ಮಗಳನ್ನೂ ಕೊಟ್ಟರು. ಮೊದಲ ಆಟ ನನ್ನದು, ಎರಡನೆಯದು ಅವರದು.

ಪರದೆಯ ಮೇಲೆ ಓಡಾಡುವುದೆಲ್ಲ ನಿಂತ ಚಿತ್ರಗಳೇ. ಸೆಕೆಂಡಿಗೆ ಇಪ್ಪತ್ತನಾಲ್ಕು ಹಾದುಹೋದರೆ ಮನುಷ್ಯ ಮನುಷ್ಯನಂತೆ ನಡೆಯುತ್ತಾನೆ. ನಮ್ಮ ಹಳೆಯ ಯಂತ್ರದ ಮೋಟಾರಿಗೆ ವೇಗ ಏರಿಸಿ ಇಳಿಸುವ ಒಂದು ರೆಗ್ಯುಲೇಟರ್ ಇತ್ತು. ಸರಿಯಾದ ಜಾಗಕ್ಕೆ ಮಾವ ಸೀಮೆಸುಣ್ಣದ ಗೆರೆ ಎಳೆದಿದ್ದರು. ಡೈನಮೋದ ಕರೆಂಟು ಏರಿಳಿದಾಗ ಗೆರೆಯನ್ನೂ ನಂಬುವಂತಿರಲಿಲ್ಲ, ದನಿ ಕೇಳಿ ತಿದ್ದಬೇಕು. ಮಾವನ ಕಿವಿ ಮಂದ. ಅದು ಮನೆಯವರಿಗಷ್ಟೇ ಗೊತ್ತಿತ್ತು. ಅವರು ಕಣ್ಣಲ್ಲೇ ತಿದ್ದುತ್ತಿದ್ದರು.

"ನಡಿಗೆ ನೋಡ್ಲಾ. ಆ ಸೀರೆ ಉಟ್ಟೋಳು ಮೆಟ್ಲು ಇಳೀತಾವ್ಳಲ್ಲ, ನಿಮ್ಮವ್ವ ಅಂಗ್ ಇಳೀತಾಳಾ?"

ಮದುವೆಯಾದ ಹೊಸತು. ಹೆಂಡತಿ ಮಳವಳ್ಳಿಯ ತವರಿನಲ್ಲಿದ್ದಳು. ಅಲ್ಲಿಗೆ ಹೋಗುವ ಕೊನೆಯ ಬಸ್ಸು ಮೊದಲ ಆಟ ಬಿಡುವುದಕ್ಕೆ ತುಸು ಮುಂಚೆಯೇ ಹೊರಟುಬಿಡುತ್ತಿತ್ತು. ಮಾವ ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ರೆಗ್ಯುಲೇಟರನ್ನು ಗೆರೆ ದಾಟಿಸಿದೆ. ಮೊದಲ ದಿನ ಕೂದಲೆಳೆಯಷ್ಟು, ಆಮೇಲೆ ಧೈರ್ಯ ಬಂತು. ಬಸ್ಸು ಸಿಗತೊಡಗಿತು. ಆಟ ಬೇಗ ಬಿಟ್ಟದ್ದೇಕೆಂದು ಮಾವ ಕೇಳಿದರೆ ನ್ಯೂಸ್‌ರೀಲು ಹಾಕಲಿಲ್ಲ ಎನ್ನುತ್ತಿದ್ದೆ.

ನೆಲದ ಮೇಲೆ ಕೂತವರು ಬಿಡುತ್ತಾರೆಯೇ?

"ಲೇ, ಈರೋಗೆ ಒಟ್ಟೆ ಕೆಟ್ಟದೇನ್ಲಾ, ಇಂಗ್ ಓಡ್ತಾವ್ನೆ?"

"ಅವ್ಳ ದನಿ ಕೇಳ್ಲಾ, ಇಲಿ ಬೋನಿಗೆ ಬಿದ್ದಂಗದೆ."

ಟೆಂಟೆಲ್ಲ ನಕ್ಕಿತು. ತಾಯಿ ಸತ್ತು ಮಗಳು ಅಳುವ ಸನ್ನಿವೇಶ ಅದು. ಒಳಗೆ ನಾನೂ ನಕ್ಕೆ.

ವೇಗ ಹೆಚ್ಚಿದರೆ ಯಂತ್ರದ ಹಲ್ಲುಗಳು ಫಿಲ್ಮಿನ ಅಂಚಿನ ತೂತುಗಳನ್ನು ಕೀಳುತ್ತವೆ. ದಿನವೂ ನಾನು ಸವೆಸಿದ ಫಿಲ್ಮು ಕೊನೆಗೆ ತುಂಡಾದದ್ದು ಮಾವನ ಕೈಯಲ್ಲಿ. ಎರಡನೆಯ ಆಟ ಶುರುವಾಗುತ್ತಲೇ ಕಿತ್ತಿತಂತೆ, ಅಂಟಿಸಿದರೆ ಮತ್ತೆ ಕಿತ್ತಿತಂತೆ. ಜನ ಕಲ್ಲು ತೂರಿ ಟೆಂಟು ಹರಿದಿದ್ದರು. ನಾನಾಗ ಬಸ್ಸಿನಲ್ಲಿದ್ದೆ.

ಮಾರನೆಯ ದಿನ ಬಂದಾಗ ಹಂಚಿಕೆದಾರರ ಕಡೆಯವನೊಬ್ಬ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ.

"ಸ್ಪೀಡ್ ಜಾಸ್ತಿ ಇಟ್ಟು ಓಡಿಸಿದ್ದಾರೆ. ದನಿ ಬದಲಾದದ್ದೂ ಗೊತ್ತಾಗಲಿಲ್ವಾ ಇವರಿಗೆ?"

ಟೆಂಟಿನ ಮಾಲೀಕರಿಗೆ ಅನುಮಾನ ಬಂತು. ಮಾವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಅವರ ಹೆಸರು ಕರೆದರು. ಮಾವ ತಿರುಗಲಿಲ್ಲ. ಇನ್ನೊಂದು ಸಲ ಕರೆದರು. ಮಾವ ತುಂಡು ಫಿಲ್ಮನ್ನು ಸುತ್ತುತ್ತಲೇ ಇದ್ದರು.

"ಕಿವುಡನ ಕೈಗೆ ಮಿಸೀನು ಕೊಟ್ಟಿದ್ನಲ್ಲಯ್ಯ ನಾನು" ಎಂದ ಮಾಲೀಕರು ನನ್ನ ಕಡೆ ತಿರುಗಿದರು. "ಇನ್ಮೇಲೆ ಎರಡಾಟನೂ ನೀನೇ ನೋಡ್ಕೊ."

ಒಂದು ಮಾತು ಸಾಕಿತ್ತು. ನಾನು ಆಡಿದ ಮಾತು, "ಆಯ್ತು ಸಾರ್."

ಮಾವನ ಚೀಲ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಹತ್ತುವ ಮುನ್ನ ಅವರು ಕೇಳಿದರು, "ದಿನಾ ಬಸ್ಸು ಸಿಕ್ತಿತ್ತೇನ್ಲಾ?"

"ಊಂ, ಮಾವ."

ಮತ್ತೇನೂ ಕೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಮಗಳ ಸಂಸಾರವೆಂದು ನುಂಗಿಕೊಂಡರೋ, ನನ್ನ ಹೆಸರೆತ್ತಲು ಹೇಸಿದರೋ ತಿಳಿಯದು. ಆಮೇಲೆ ಯಾರೂ ಅವರನ್ನು ಯಂತ್ರದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಜಗುಲಿಯ ಮೇಲೆ ಕೂತರು. ಊಟಕ್ಕೆ ಬಡಿಸುವಾಗಲೆಲ್ಲ ಮಗಳು ಅಂದು ತೋರಿಸುತ್ತಿದ್ದಳು.

"ಕಿವಿ ಕೇಳಾಕಿಲ್ಲ ಅಂತ ಮೊದ್ಲೇ ಏಳಿ ಬುಟ್ಬುಡಬೇಕಿತ್ತು ಕಣಪ್ಪ. ನಿನ್ ದೆಸೆಯಿಂದ ಇವ್ರೂ ತಲೆ ತಗ್ಗಿಸಂಗಾಯ್ತು."

ಮಾವ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ನಾನು ಇನ್ನಷ್ಟು ಸಾರು ಹಾಕಿಸಿಕೊಳ್ಳುತ್ತಿದ್ದೆ.

ಕೊನೆಯ ಕಾಯಿಲೆಯಲ್ಲಿ ಅವರ ಕಾಲು ಹಿಡಿದು ತಪ್ಪಾಯಿತು ಎಂದೆ. ಕಾಲು ಎಳೆದುಕೊಳ್ಳಲಿಲ್ಲ, ಅಷ್ಟೇ. ಅವರಿಗೆ ಎಲ್ಲ ಗೊತ್ತಿತ್ತು. ಏನೂ ಗೊತ್ತಿಲ್ಲದೆ ಹೆತ್ತ ತಂದೆಯನ್ನು ವರ್ಷಗಟ್ಟಲೆ ಹಂಗಿಸಿದವಳು, ಹಾಗೆ ಹಂಗಿಸುವಾಗ ನಾನು ತಡೆಯದೆ ಬಿಟ್ಟವಳು, ಇವತ್ತಿಗೂ ನಾನು ಕ್ಷಮೆ ಕೇಳದವಳು ನನ್ನ ಹೆಂಡತಿ.