ಈರಪ್ಪ ಹೇಳಿಯೇ ಹೋಗಿದ್ದ

ಈರಪ್ಪ ಅಂದು ನನಗೆ ಹೇಳಿಯೇ ಹೋಗಿದ್ದ. ಸಾಹೇಬರು ಕೇಳಿದಾಗ ‘ಗೊತ್ತಿಲ್ಲ’ ಎಂದವನು ನಾನು. ಇಷ್ಟನ್ನು ಬರೆಯಲು ನನಗೆ ಇಡೀ ಆಯುಷ್ಯ ಬೇಕಾಯಿತು.

ಬ್ರಿಟಿಷರ ಆಳ್ವಿಕೆಯ ಕಡೆಯ ವರ್ಷಗಳು. ಗೋಕಾಕದಲ್ಲಿ ಹೈಸ್ಕೂಲು ಮುಗಿಸಿ, ಹುಕ್ಕೇರಿಯ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿ ಸೇರಿದ್ದೆ. ನೌಕರಿ ಕಾಯಂ ಆಗಬೇಕಾದರೆ ಕಚೇರಿಯ ನೇಮಗಳ ಪರೀಕ್ಷೆ ಪಾಸಾಗಬೇಕು. ಆ ನೇಮಗಳೋ ನನ್ನ ತಲೆಗೆ ಹತ್ತುತ್ತಿರಲಿಲ್ಲ. ನನಗಿಂತ ಹಿರಿಯ ಕಾರಕೂನನಾಗಿದ್ದ ಈರಪ್ಪ ಸಂಜೆ ತನ್ನ ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು, ಶೇಂಗಾ ಸುಲಿದು ಕೈಗೆ ಹಾಕುತ್ತ, ಒಂದೊಂದು ಕಲಮನ್ನೂ ಕತೆ ಮಾಡಿ ಹೇಳುತ್ತಿದ್ದ.

‘ನೇಮ ಅಂದ್ರ ಬೇಲಿ ಇದ್ದಂಗ ತಮ್ಮಾ. ಬೆಳಿ ಕಾಯಾಕ ಐತಿ, ಬಾಜೂ ಮನಿಯವನ್ನ ಚುಚ್ಚಾಕಲ್ಲ.’

ಪಾಸಾದೆ. ಪಾಸಾದ ಮೇಲೆ — ಸೊಕ್ಕು ಬಂತು. ಯಾರು ತಡವಾಗಿ ಬಂದರು, ಯಾರು ಕೇಳದೆ ಎದ್ದು ಹೋದರು, ಎಲ್ಲಕ್ಕೂ ನನ್ನ ಬಾಯಲ್ಲಿ ಒಂದು ಕಲಮು ಸಿದ್ಧ. ‘ಬಂದ್ರಪಾ ಕಲಮಿನ ಮಾಸ್ತರು’ ಎಂದು ಶಿಪಾಯಿಗಳು ಸಹ ನಗುತ್ತಿದ್ದರು. ನನಗದು ಹೊಗಳಿಕೆಯಾಗಿ ಕೇಳಿಸುತ್ತಿತ್ತು.

ಆಗ ನಮ್ಮೆಲ್ಲರ ಮೇಲಿನ ಅವ್ವಲ ಕಾರಕೂನರು ನಿವೃತ್ತರಾಗುವವರಿದ್ದರು. ಆ ಕುರ್ಚಿ ಈರಪ್ಪನದೆಂದು ಎಲ್ಲರಿಗೂ ಗೊತ್ತು. ಸರತಿಯಲ್ಲಿ ಅವನ ಹಿಂದೆಯೇ ನಾನಿದ್ದೆ.

ಸಾಹೇಬರು ಹಳ್ಳಿಗಳ ತಪಾಸಣೆಗೆ ಹೋಗಿದ್ದ ಒಂದು ಸಂಜೆ ಈರಪ್ಪ ಓಡುತ್ತ ಬಂದ. ‘ಅವ್ವಗ ಜ್ವರ ಭಾಳ ಆಗ್ಯಾವಂತ, ನಿಡಸೋಸಿಗೆ ಹೊಂಟೇನಿ. ಸಾಹೇಬ್ರು ಬಂದ ಕೂಡ್ಲೆ ಹೇಳು.’ ಪರವಾನಗಿ ಇಲ್ಲದೆ ಊರು ಬಿಡಬಾರದು. ತೀರ ಅಡಚಣೆಯಾದರೆ ಜೊತೆಯವನ ಕೈಯಲ್ಲಿ ಸುದ್ದಿ ಮುಟ್ಟಿಸಿದರೂ ನಡೆಯುತ್ತದೆ — ಇದೂ ನೇಮವೇ. ಅವನೇ ನನಗೆ ಕಲಿಸಿದ್ದು.

ಮರುದಿನ ಸಾಹೇಬರು ಬಂದು ಕೇಳಿದರು, ‘ಈರಪ್ಪ ಎಲ್ಲಿ?’

‘ಗೊತ್ತಿಲ್ರಿ ಸಾಹೇಬ್ರ.’ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ — ‘ಪರವಾನಗಿ ಇಲ್ಲದ ಊರ ಬಿಡಬಾರದಂತ ಕಲಮು ಐತ್ರಿ.’

ಈರಪ್ಪ ತಿರುಗಿ ಬಂದಾಗ ಸಾಹೇಬರು ಎಲ್ಲರೆದುರು ವಿಚಾರಣೆ ಮಾಡಿದರು. ‘ಯಾರಿಗಾದರೂ ಹೇಳಿ ಹೋಗಿದ್ದೆಯಾ?’ ಈರಪ್ಪ ನನ್ನತ್ತ ನೋಡಿದ. ನಾನು ನೆಲ ನೋಡಿದೆ.

‘ಇಲ್ರಿ. ಮರತೆ.’

ಹೊರಗೆ ಬೇವಿನ ಮರದ ಕೆಳಗೆ ಸಿಕ್ಕ. ಬೈಯುತ್ತಾನೆಂದುಕೊಂಡೆ. ‘ಆ ಕಲಮಿನ ಮುಂದಿನ ಸಾಲು ಓದಿದ್ದಿಲ್ಲೇನೋ ಹುಚ್ಚಪ್ಯಾಲಿ? ಸುದ್ದಿ ಮುಚ್ಚಿಟ್ಟವನ ನೌಕರಿನ ಹೋಗತೈತಿ. ನನಗ ಬರೇ ಬದಲಿ.’ ಅಷ್ಟು ಹೇಳಿ ಹೋದ. ಆ ಸಾಲು ನಾನು ಓದಿದ್ದೆ. ಅವನು ನನ್ನ ಹೆಸರು ಹೇಳಲಾರನೆಂದೂ — ಹೌದು, ಅದೂ ಗೊತ್ತಿತ್ತು. ಅದರ ಮೇಲೆಯೇ ನಾನು ನಿಂತಿದ್ದೆ.

ಅವನಿಗೆ ಮೂಡಲಗಿಗೆ ಬದಲಿಯಾಯಿತು. ಕುರ್ಚಿ ನನಗೆ ಬಂತು. ಜ್ವರ ಇಳಿದ ತಾಯಿಯನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೋದ. ಆ ಮುದುಕಿ ಅಮಾವಾಸ್ಯೆಗೊಮ್ಮೆ ತನ್ನೂರಾದ ನಿಡಸೋಸಿಯ ಮಠಕ್ಕೆ ನಡೆದು ಹೋಗುತ್ತಿದ್ದವಳು. ಮೂಡಲಗಿಯಲ್ಲಿ ಪ್ರತಿ ಅಮಾವಾಸ್ಯೆಗೂ ‘ನಿಡಸೋಸಿ ಯಾವ ದಿಕ್ಕಿಗೈತೋ?’ ಎಂದು ಮಗನನ್ನು ಕೇಳಿ, ಆ ಕಡೆ ತಿರುಗಿ ಕೈಮುಗಿಯುತ್ತಿದ್ದಳಂತೆ. ಕಡೆತನಕ ಅಷ್ಟೇ.

ನಾನು ದುಃಖದಲ್ಲಿ ಬೆಂದೆನೆಂದರೆ ಮತ್ತೊಂದು ಸುಳ್ಳಾದೀತು. ನಾನು ಸುಖವಾಗಿಯೇ ಬಾಳಿದೆ. ಮಕ್ಕಳು ನೆಲೆ ನಿಂತರು, ಗೋಕಾಕದ ಮನೆಯಲ್ಲಿ ಬೆಳಗಿನ ಬಿಸಿಲಿಗೆ ಕುಳಿತರೆ ಜೀವಕ್ಕೆ ಯಾವ ಕೊರತೆಯೂ ಇಲ್ಲ. ಈರಪ್ಪನೂ ಸುಖಿ. ಮೂಡಲಗಿಯಲ್ಲೇ ಹೊಲ ಮಾಡಿ, ದೊಡ್ಡ ಮನೆತನ ಕಟ್ಟಿದ. ವರ್ಷಕ್ಕೊಮ್ಮೆ ಹೋಗುತ್ತೇನೆ. ‘ಇವ ನನ್ನ ಶಿಷ್ಯ ನೋಡ್ರಿ’ ಎಂದು ಬಂದವರಿಗೆಲ್ಲ ತೋರಿಸುತ್ತಾನೆ. ಒಮ್ಮೆಯೂ — ಒಂದೇ ಒಂದು ಸಲವೂ — ಆ ಮಾತು ಎತ್ತಿಲ್ಲ.

ಹೋದ ಸುಗ್ಗಿಯಲ್ಲಿ ಅವನ ಮನೆಯಲ್ಲಿ ಉಣ್ಣುತ್ತಿದ್ದೆ. ಮೊಮ್ಮಗನೊಬ್ಬ ಸದ್ದಿಲ್ಲದೆ ಎದ್ದು ಹೊರಟ. ಸೊಸೆ ಕೂಗಿದಳು: ‘ಎಲ್ಲಿಗೋ? ಮುತ್ಯಾನಂಗ ಹೇಳದ ಹೊಂಟಿ ನೋಡ!’ ಮನೆಮಂದಿಯೆಲ್ಲ ನಕ್ಕರು. ಅದು ಆ ಮನೆಯ ಹಳೆಯ ಚೇಷ್ಟೆಯಂತೆ. ಹೇಳದೆ ಹೋಗಿ ದೊಡ್ಡ ಕುರ್ಚಿ ಕಳಕೊಂಡ ಮುತ್ಯಾ! ಈರಪ್ಪನೂ ನಕ್ಕ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ.

ನಾನೂ ನಕ್ಕೆ. ಅದೇ ನನ್ನನ್ನು ಈಗ ಬರೆಯಲು ಹಚ್ಚಿದೆ.

ಸೋಮವಾರ ಮೂಡಲಗಿಯ ಬಸ್ಸು ಹತ್ತುತ್ತೇನೆ. ಊಟಕ್ಕೆ ಎಲ್ಲರೂ ಕೂಡುವ ಹೊತ್ತಿಗೆ, ಆ ಸೊಸೆಯ ಎದುರು, ಆ ಮೊಮ್ಮಕ್ಕಳ ಎದುರು ಹೇಳುತ್ತೇನೆ — ನಿಮ್ಮ ಮುತ್ಯಾ ಹೇಳಿಯೇ ಹೋಗಿದ್ದ, ನನಗೇ ಹೇಳಿದ್ದ. ಈರಪ್ಪ ನಡುವೆಯೇ ‘ಇರ್ಲಿ ಬಿಡೋ, ಉಣ್ಣು’ ಎಂದಾನು. ಪೂರ್ತಿ ಹೇಳುವವರೆಗೆ ತಟ್ಟೆಗೆ ಕೈಹಚ್ಚುವುದಿಲ್ಲ. ಆಮೇಲೆ, ಅವರು ಬಡಿಸಿದರೆ, ಉಣ್ಣುತ್ತೇನೆ.