ಮುರಿದ ಚಾಕುಗಳ ಬೆಲೆ

ನಮ್ಮ ಬೀದಿಯ ಚಾಕು ಅಕ್ಕನ ಅಂಗಡಿಯಲ್ಲಿ ಬೆಲೆ ಕೇಳಿದವರು ಮೊದಲು ಕೆಮ್ಮುತ್ತಾರೆ, ಆಮೇಲೆ ಚೌಕಾಸಿಗೆ ಇಳಿಯುತ್ತಾರೆ. ಅಕ್ಕ ಜಗ್ಗುವವಳಲ್ಲ. "ನಾನು ಮುರಿದು ಹಾಕಿದ ಚಾಕುಗಳ ಖರ್ಚೂ ಇದರಲ್ಲೇ ಹುಟ್ಟಬೇಕಲ್ಲಪ್ಪಾ!" ಎನ್ನುತ್ತಾಳೆ. ಕಾಸಿ, ಬಡಿದು, ಎಣ್ಣೆಯಲ್ಲಿ ಅದ್ದಿ ಹದ ಮಾಡಿದ ಪ್ರತಿ ಅಲಗನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೀಟುತ್ತಾಳೆ. ದನಿ ಒಡಕಾಗಿದ್ದರೆ ಒಳಗೆ ಬಿರುಕಿದೆ ಎಂದೇ ಲೆಕ್ಕ. ಆಗ ಗಂಡ ತಲೆ ಚಚ್ಚಿಕೊಂಡರೂ ಅಲಗಿಗೆ ಸುತ್ತಿಗೆಯ ಒಂದೇ ಏಟು, ಎರಡು ತುಂಡು. ಮಗಳಿಗೆ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಾಗ ಅವಳಿಗೆಂದೇ ಒಂದು ಅಲಗು ಬಡಿದಳು. ಮೀಟಿದರೆ ಒಡಕು ದನಿ. ಬೆಳಗಾದರೆ ಮಗಳು ಹೊರಡಬೇಕು. "ಮನೆ ಮಗಳಿಗೇ ತಾನೆ, ಕೊಟ್ಟುಬಿಡೇ," ಎಂದ ಗಂಡ. "ಊರವರ ಕೈಗೇ ಕೊಡದವಳು ಹೆತ್ತ ಮಗಳ ಕೈಗೆ ಕೊಡ್ತೀನಾ?" ಎಂದು ಅಕ್ಕ ಸುತ್ತಿಗೆ ಎತ್ತಿದಳು. ಅಂಗಡಿಯಲ್ಲಿ ಉಳಿದವೆಲ್ಲ ಗಿರಾಕಿಗಳು ಮುಂಗಡ ಕೊಟ್ಟ ಚಾಕುಗಳೇ; ಬೆಳಿಗ್ಗೆ ಮಗಳು ಎರವಲು ಚಾಕು ಹಿಡಿದು ಹೊರಟಳು. ಅವಳು ಬೀದಿಯ ತಿರುವು ದಾಟುವ ಮೊದಲೇ ಅಕ್ಕ ಕುಲುಮೆಗೆ ಇದ್ದಿಲು ಸುರಿದಿದ್ದಳು.