ಹೊಗಳಿಸಿ ಮುಚ್ಚಿಸಿದ ಅಂಗಡಿ

ಶಾಂತಕ್ಕ, ನಿಮ್ಮ ಗುರೆಳ್ಳು ಚಟ್ನಿಪುಡಿಗೆ ಒಂದೇ ಮಧ್ಯಾಹ್ನ ಸಾಲುಸಾಲಾಗಿ ಬಂದವಲ್ಲ, ಐದು ನಕ್ಷತ್ರದ ಹೊಗಳಿಕೆಗಳು — ಅವನ್ನು ಬರೆಸಿದವನು ನಾನು. ನಿಮ್ಮ ಆನ್‌ಲೈನ್ ಅಂಗಡಿ ಮುಚ್ಚಿಹೋಗಲಿ ಎಂದೇ ಬರೆಸಿದೆ. ನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆ.

ಗದಗದ ಕಡೆಯಿಂದ ಬಂದು ಮಲ್ಲತ್ತಹಳ್ಳಿಯಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಿರಿ. ನಿಮಗೆ ಆ ಅಂಗಡಿ ತೆರೆದುಕೊಟ್ಟವನೂ ನಾನೇ. ಫೋಟೊ ಹೇಗೆ ತೆಗೆಯಬೇಕು, ಪೊಟ್ಟಣ ಹೇಗೆ ಅಂಟಿಸಬೇಕು — ಎಲ್ಲ ಹೇಳಿಕೊಟ್ಟೆ, ದೊಡ್ಡ ಮನುಷ್ಯನ ಹಾಗೆ. ನಾವು ಹುಚ್ಚೆಳ್ಳು ಎನ್ನುವ ಆ ಕಾಳಿನ ಪುಡಿಯನ್ನು ಇಲ್ಲಿಯವರು ಯಾರು ಕೊಳ್ಳುತ್ತಾರೆ ಎಂಬ ಧೈರ್ಯ ನನಗೆ. ಕೊಂಡರು. ವರ್ಷ ತುಂಬುವುದರೊಳಗೆ ಚಟ್ನಿಪುಡಿ ಎಂದು ಹುಡುಕಿದರೆ ಮೊದಲು ನಿಮ್ಮದು, ಎಲ್ಲೋ ಕೆಳಗೆ ನನ್ನ ಅಂಗಡಿಯದು, ನನ್ನ ಹೆಂಡತಿ ಮಾಡಿದ್ದು. ‘ತೀರಿಕೊಂಡ ನಮ್ಮವ್ವನ ಕೈರುಚಿ ನೆನಪಾಯಿತು’ ಎಂದು ಯಾರೋ ನಿಮಗೆ ಬರೆದಿದ್ದರು. ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು. ಒಬ್ಬರ ಸತ್ತ ತಾಯಿಯ ನೆನಪಿಗೆ ಹೊಟ್ಟೆ ಉರಿದುಕೊಂಡ ಪ್ರಾಣಿ ನಾನು.

ನಮ್ಮ ಈ ಆನ್‌ಲೈನ್ ಮಾರಾಟದ ಕಸುಬಿನಲ್ಲಿ ಒಂದು ಕೊಳಕು ಉಪಾಯವಿದೆ. ಎದುರಾಳಿಯನ್ನು ಬೈಯಿಸಬಾರದು, ಹೊಗಳಿಸಬೇಕು. ಸುಳ್ಳು ಹೊಗಳಿಕೆ ಒಟ್ಟಿಗೆ ಬಂದು ಬಿದ್ದರೆ ಆ್ಯಪ್ ನಡೆಸುವ ಕಂಪನಿ ಹಿಡಿಯುವುದು ಮಾರುವವರನ್ನೇ. ಕೂಲಿಗೆ ಬರೆಯುವವರ ಗುಂಪುಗಳು ಮೊಬೈಲಿನಲ್ಲೇ ಸಿಗುತ್ತವೆ. ನಿಮ್ಮ ಪುಡಿಯ ಹೆಸರು ಕೊಟ್ಟೆ, ಅಷ್ಟೇ. ಒಬ್ಬನಂತೂ ‘ಬಟ್ಟೆ ತುಂಬಾ ಮೃದುವಾಗಿದೆ’ ಎಂದು ಬರೆದ. ನೀವು ಅದನ್ನು ನನಗೇ ತೋರಿಸಿ ನಕ್ಕಿರಿ — ನಾನೂ ನಕ್ಕೆ.

ಮೂರನೆಯ ದಿನ ಅಂಗಡಿ ಬಂದ್. ಆ ಹೊಗಳಿಕೆಗಳನ್ನು ನೀವೇ ಬರೆಸಿಕೊಂಡಿದ್ದೀರಿ ಎಂಬ ಆರೋಪ. ನೀವು ಓಡಿಬಂದದ್ದು ನನ್ನ ಹತ್ತಿರವೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎನ್ನುತ್ತಾರಲ್ಲ — ನಿಮ್ಮ ಮೊಬೈಲ್ ಇಸಿದುಕೊಂಡು ತೂಗಲು ಕೂತೆ.

ಈ ಕಂಪನಿಗಳ ರೀತಿ ಮಾರುವವರಿಗೆಲ್ಲ ಗೊತ್ತು. ‘ನಾನು ಮಾಡಿಲ್ಲ’ ಎಂದು ಬರೆದರೆ ಅರ್ಜಿ ಓದುವುದೂ ಇಲ್ಲ. ಮೊದಲು ತಪ್ಪು ಒಪ್ಪಿಕೊಳ್ಳಬೇಕು, ಇನ್ನು ಮಾಡುವುದಿಲ್ಲ ಎನ್ನಬೇಕು, ಆಮೇಲೆ ಅವರು ಯೋಚಿಸುತ್ತಾರೆ.

“ನಾ ಮಾಡದ ತಪ್ಪು ಮಾಡೀನಿ ಅಂತ ಹ್ಯಾಂಗ ಬರೀಲಿ, ಅಣ್ಣಾರ?” ಎಂದಿರಿ.

“ಎಲ್ರೂ ಹಿಂಗೇ ಬರೆಯೋದು ಅಕ್ಕ. ಒಪ್ಕೊಂಡ್ರೇನೇ ಓಪನ್ ಮಾಡ್ತಾರೆ. ನಾನ್ ಟೈಪ್ ಮಾಡ್ತೀನಿ, ನೀವು ಕಳಿಸಿ ಸಾಕು.”

ನೆಂಟರಿಷ್ಟರಿಂದ ಸುಳ್ಳು ಹೊಗಳಿಕೆ ಬರೆಸಿದ್ದು ನಿಜ, ಕ್ಷಮಿಸಿ ಎಂದು ಬರೆದೆ — ನಿಮ್ಮ ಹೆಸರಿನಲ್ಲಿ, ನನ್ನ ಪಾಪವನ್ನು. ನೀವು ಕಣ್ಣೊರೆಸಿಕೊಂಡು ಕಳಿಸಿದಿರಿ. ಕಂಪನಿ ಆ ತಪ್ಪೊಪ್ಪಿಗೆಯನ್ನೇ ಹಿಡಿದು ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿತು. ನಿಜವಾಗಿ ತಿಂದು ಮೆಚ್ಚಿದವರು ಬರೆದದ್ದೂ ಅದರ ಜೊತೆಗೇ ಅಳಿಸಿಹೋಯಿತು.

ಅಷ್ಟಕ್ಕೇ ನಿಂತಿದ್ದರೆ... ಆ ಉತ್ತರ ಬಂದ ಸಂಜೆ ನಾನು ನಿಮ್ಮ ಮನೆಯಲ್ಲೇ ಇದ್ದೆ. ಆಟೊ ನಿಲ್ಲಿಸಿ ಒಳಗೆ ಬಂದ ನಿಮ್ಮ ಯಜಮಾನರು ನಾವು ಕಳಿಸಿದ ಪತ್ರವನ್ನು ಮೊಬೈಲಿನಲ್ಲಿ ಎರಡು ಸಲ ಓದಿದರು.

“ಹಂಗಾರ ಖರೇನ ನೀನ ಬರಿಸಿದ್ದೇನು?”

“ಅಣ್ಣಾರು ಹಿಂಗ ಬರೀಬೇಕು ಅಂದ್ರು” ಎಂದು ನೀವು ನನ್ನ ಮುಖ ನೋಡಿದಿರಿ.

‘ಹೌದು, ನಾನೇ ಟೈಪ್ ಮಾಡಿದ್ದು, ಅಕ್ಕ ಏನೂ ಮಾಡಿಲ್ಲ’ — ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಮಾತಿಗೆ ಮಾತು ಬೆಳೆದು, ಬರೆಸಿದ್ದು ಯಾರು ಎಂಬಲ್ಲಿಗೆ ಬಂದುಬಿಟ್ಟರೆ ಎಂದು ಹೆದರಿದೆ. ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನನ್ನ ಬಾಯಿಗೆ ಮಣ್ಣು ಹಾಕ.

ನೀವೀಗ ಕೆಂಗೇರಿಯಲ್ಲಿ ಯಾವುದೋ ಪಿ.ಜಿ.ಯಲ್ಲಿ ಚಪಾತಿ ಲಟ್ಟಿಸುತ್ತೀರಿ ಎಂದು ನಿಮ್ಮ ಹಳೆಯ ಮನೆಯ ಓನರ್ ಆಂಟಿ ಹೇಳಿದರು. ಮನೆಯಲ್ಲಿ ಮಾತು ಬೆಳೆದಾಗಲೆಲ್ಲ ಯಜಮಾನರು ಇಂದಿಗೂ ‘ಸುಳ್ಳು ಬರಿಸಿದಾಕಿ’ ಎಂದು ಹಂಗಿಸುತ್ತಾರಂತೆ. ಅದನ್ನು ಕೇಳಿದ ಮೇಲೆ ನನ್ನ ಮನೆಯ ಚಟ್ನಿಪುಡಿಯನ್ನು ಬಡಿಸಿಕೊಳ್ಳುವುದನ್ನೇ ಬಿಟ್ಟೆ.

ಕಳೆದ ವಾರ ಕಂಪನಿಗೆ ನಡೆದದ್ದೆಲ್ಲ ಬರೆದೆ. ಹಳೆಯ ವಿಷಯ, ಮುಗಿದಿದೆ ಎಂದು ಎರಡು ಸಾಲಿನ ಉತ್ತರ ಬಂತು. ನನ್ನ ಅಂಗಡಿಯನ್ನು ಅವರು ಮುಚ್ಚಲೂ ಇಲ್ಲ. ನಾನೇ ಮುಚ್ಚಿದೆ, ಅದರಿಂದ ನಿಮಗೇನೂ ವಾಪಸ್ಸು ಸಿಗಲಿಲ್ಲ, ಗೊತ್ತು.

ಆಂಟಿ ಕೊಟ್ಟ ವಿಳಾಸ ಹಿಡಿದು, ಭಾನುವಾರ ಯಜಮಾನರು ಮನೆಯಲ್ಲಿರುವ ಹೊತ್ತಿಗೆ ಬರುತ್ತೇನೆ. ಒಳಗೆ ಕರೆಯಬೇಡಿ. ಬಾಗಿಲಲ್ಲೇ ನಿಂತು, ಅವರ ಮುಖ ನೋಡಿಕೊಂಡು, ಇದಿಷ್ಟನ್ನೂ ಹೇಳುತ್ತೇನೆ.